ಬಿಸಿಲೂರಿನ ಚಳಿಗೆ ಹನ್ನೆರಡು ಗೊಬ್ಬರದ ಚೀಲ, ಎರಡು ಕ್ಯಾನ್ ನೀರು

ಬಳ್ಳಾರಿಯಲ್ಲಿ ಇರೋದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಅಂತ ಹೊರಗಿನವರು ತಮಾಷೆ ಮಾಡುತ್ತಾರೆ. ಮಾಡಲಿ. ಡಿಸೆಂಬರ್ ಕೊನೇ ವಾರದಲ್ಲಿ ಅವರನ್ನು ತಗಡಿನ ಮನೆಯೊಳಗೆ, ಬರೀ ಬಂಡೆಯ ಮೇಲೆ, ಒಂದು ಚಾದರ ಕೊಟ್ಟು ಒಂದು ರಾತ್ರಿ ಮಲಗಿಸಬೇಕು. ಹಗಲು 30 ಡಿಗ್ರಿ ಹತ್ತಿರ ಇರುತ್ತದೆ, ಬೆಳಗಿನ ಜಾವಕ್ಕೆ 15ರ ಆಸುಪಾಸು, ಒಮ್ಮೊಮ್ಮೆ ಅದಕ್ಕೂ ಕೆಳಗೆ. ಸಂಖ್ಯೆ ನೋಡಿದರೆ ಇದೇನು ಚಳಿ ಅನ್ನಿಸುತ್ತದೆ, ನಿಜ. ಆದರೆ ನಮ್ಮ ಕಡೆ ಮನೆ ಕಟ್ಟೋದೇ ಕಾವನ್ನು ಹೊರಗೆ ಹಾಕಲಿಕ್ಕೆ. ಎತ್ತರದಲ್ಲಿ ವೆಂಟಿಲೇಟರ್, ನೆಲಕ್ಕೆ ಕಡಪ ಇಲ್ಲಾ ಶಹಾಬಾದ್ ಬಂಡೆ, ಮುಚ್ಚಿದರೂ ಸಂದು ಬಿಡುವ ಬಾಗಿಲು. ಹತ್ತು ತಿಂಗಳು ಇದೆಲ್ಲ ಪುಣ್ಯ. ಉಳಿದ ಎರಡು ತಿಂಗಳು ಇದೇ ನಮ್ಮನ್ನು ನಡುಗಿಸುತ್ತದೆ.

ಆ ಎರಡು ತಿಂಗಳಿಗೆ ಅಂತ ಮನೆ ಬದಲಾಯಿಸಲಿಕ್ಕೆ ಆಗಲ್ಲ, ಬಾಡಿಗೆ ಮನೆ ಆದರೆ ಮೊಳೆ ಹೊಡೆಯಲಿಕ್ಕೂ ಓನರ್ ಬಿಡಲ್ಲ. ಅದಕ್ಕೇ ನಾನು ಮಾಡುವುದೆಲ್ಲ ಹಾಕಿ ತೆಗೆಯುವ ಕೆಲಸ. ನಾಲ್ಕು ವರ್ಷದಿಂದ ಮಹಡಿ ಮೇಲಿನ ತಗಡಿನ ಕೋಣೆಯಲ್ಲಿದ್ದೇನೆ, ಬಾಡಿಗೆ ಕಮ್ಮಿ ಅಂತ ಹಿಡಿದಿದ್ದು. ಮೊದಲ ವರ್ಷ ಕುಷ್ಟಗಿ ಕಡೆಯ ಹಳ್ಳಿಯಿಂದ ಅವ್ವ ಬಂದಿದ್ದಳು. ಎರಡನೇ ದಿನವೇ, "ಹಗಲೆಲ್ಲ ಹಂಚಿನ ಮ್ಯಾಲೆ ಸುಟ್ಟಂಗ, ರಾತ್ರಿ ಬಾವ್ಯಾಗ ಇಳಿಸಿದಂಗ, ಇದೆಂಥ ಮನಿ ಹಿಡದಿಯಪಾ" ಅಂದು ಬಸ್ ಹತ್ತಿದಳು. ಅವಳದು ಮಣ್ಣಿನ ಮಾಳಿಗೆ ಮನೆ. ಜಂತಿ ಮೇಲೆ ಒಂದಡಿಗೂ ಜಾಸ್ತಿ ಮಣ್ಣು. ಆ ಮಣ್ಣು ಹಗಲಿನ ಬಿಸಿಲನ್ನು ನಿಧಾನ ಕುಡಿದು ರಾತ್ರಿ ನಿಧಾನ ಬಿಡುತ್ತದೆ. ನನ್ನ ತಗಡಿಗೆ ಆ ತಾಳ್ಮೆ ಇಲ್ಲ.

ಮೊದಲು ಹೀಟರ್ ವಿಷಯ ಮುಗಿಸಿಬಿಡೋಣ, ಯಾಕಂದರೆ ಎಲ್ಲರೂ ಅದನ್ನೇ ಕೇಳುತ್ತಾರೆ. ಗೃಹಜ್ಯೋತಿ ಇದೆಯಲ್ಲ, ಕರೆಂಟ್ ಫ್ರೀ ಅಲ್ವಾ ಅಂತ. ಲೆಕ್ಕ ಹಾಕಿ ನೋಡಿ. 2000 ವ್ಯಾಟಿನ ಹೀಟರ್ ಒಂದು ತಾಸು ಉರಿದರೆ 2 ಯೂನಿಟ್. ದಿನಕ್ಕೆ ನಾಲ್ಕು ತಾಸು ಅಂದರೆ 8, ತಿಂಗಳಿಗೆ 240. ಬರೀ ಹೀಟರೇ ಗೃಹಜ್ಯೋತಿಯ 200 ಯೂನಿಟ್ ಮಿತಿ ದಾಟಿತು, ಆ ತಿಂಗಳ ಪೂರ್ತಿ ಬಿಲ್ ನಿಮ್ಮ ತಲೆಗೆ. ಅದೂ ಅಲ್ಲದೆ ಎಲ್ಲರಿಗೂ 200 ಯೂನಿಟ್ ಫ್ರೀ ಅಂತ ಇಲ್ಲ, ಹಳೇ ಬಳಕೆಯ ಸರಾಸರಿ ನೋಡಿ ಒಂದೊಂದು ಮನೆಗೆ ಒಂದೊಂದು ಮಿತಿ ಹಾಕಿರುತ್ತಾರೆ, ನಮ್ಮ ಕಡೆ ಕರೆಂಟ್ ಕೊಡುವ ಜೆಸ್ಕಾಂ ಕಂಪನಿಯ ಬಿಲ್ಲಿನಲ್ಲೇ ಬರೆದಿರುತ್ತದೆ. ಸಂದಿಯಿಂದ ಗಾಳಿ ಹೊಡೆಯುವ ಕೋಣೆಗೆ ಹೀಟರ್ ಹಾಕೋದು ತೂತು ಕೊಡಕ್ಕೆ ನೀರು ಹಾಕಿದ ಹಾಗೆ. ತೂತು ಮೊದಲು ಮುಚ್ಚಬೇಕು.

ಎಲ್ಲಕ್ಕಿಂತ ದೊಡ್ಡ ತೂತು ತಲೆ ಮೇಲಿದೆ. ಬಿಸಿ ಗಾಳಿ ಮೇಲೇರುತ್ತದೆ, ಮೇಲೆ ಹೋದರೆ ತಗಡು. ನಮ್ಮ ಕಡೆ ಚಳಿಗಾಲದಲ್ಲಿ ಮೋಡ ಇರುವ ರಾತ್ರಿ ಕಮ್ಮಿ, ಆಕಾಶ ಬಯಲು. ಅಂಥ ರಾತ್ರಿ ತಗಡು ತನ್ನ ಕಾವನ್ನೆಲ್ಲ ಸೀದಾ ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಬೆಳಗ್ಗೆ ಮುಖದ ಮೇಲೆ ಟಪ್ ಅಂತ ಹನಿ ಬೀಳುತ್ತದಲ್ಲ, ಅದು ಮಂಜು ಒಳಗೆ ಬಂದದ್ದಲ್ಲ. ನಮ್ಮದೇ ಉಸಿರು ತಣ್ಣನೆ ತಗಡಿಗೆ ತಾಕಿ ನೀರಾದದ್ದು.

ಇದಕ್ಕೆ ನಾನು ಕಂಡುಕೊಂಡ ಮದ್ದು ಖಾಲಿ ಗೊಬ್ಬರದ ಚೀಲ. ಯೂರಿಯಾ, ಡಿಎಪಿ ಯಾವುದಾದರೂ ಸರಿ, ಹೊಲ ಇರುವ ಯಾರ ಮನೆಯಲ್ಲಾದರೂ ಸಿಗುತ್ತವೆ. ಚೆನ್ನಾಗಿ ಎರಡು ನೀರಲ್ಲಿ ತೊಳೆದು ಒಣಗಿಸಿ, ತಳದ ಹೊಲಿಗೆ ಬಿಚ್ಚಿ, ಒಂದು ಬದಿ ಉದ್ದಕ್ಕೆ ಕತ್ತರಿಸಿದರೆ ಅಗಲವಾದ ಹಾಳೆ ಆಗುತ್ತದೆ. ಹತ್ತಡಿಗೆ ಹತ್ತಡಿ ಕೋಣೆಗೆ ನನಗೆ 12 ಚೀಲ ಬೇಕಾದವು. ದಬ್ಬಣದಿಂದ ಒಂದಕ್ಕೊಂದು ಹೊಲಿದು ದೊಡ್ಡ ಪರದೆ ಮಾಡಿ. ತಗಡು ಕೂತಿರುವ ಪೈಪಿಗೆ ಬೈಂಡಿಂಗ್ ತಂತಿ ಕಟ್ಟಿ, ತಗಡಿನಿಂದ ಒಂದು ಗೇಣು ಕೆಳಗೆ ಬರುವ ಹಾಗೆ ಬಿಗಿಯಾಗಿ ಎಳೆದು ಕಟ್ಟಿ. ಆ ಗೇಣಿನ ಜಾಗ ಮುಖ್ಯ, ಅದು ಯಾಕೆ ಬೇಕು ಅಂತ ಚೀಲವನ್ನು ತಗಡಿಗೇ ಅಂಟಿಸಿಬಿಟ್ಟರೆ ಅರ್ಧ ಉಪಯೋಗ ಹೋಯಿತು. ನಿಂತ ಗಾಳಿಯೇ ಇಲ್ಲಿ ಕಂಬಳಿ, ಚೀಲ ಬರೀ ಅದನ್ನು ಹಿಡಿದಿಡುವ ಗೋಡೆ. ಅಂಚುಗಳಲ್ಲಿ ಗೋಡೆಗೆ ಒತ್ತಿಕೊಳ್ಳಲಿ, ಇಲ್ಲದಿದ್ದರೆ ಗಾಳಿ ಅಲ್ಲಿಂದ ಒಳಗೆ ಹೋಗಿ ಆಟ ಆಡುತ್ತದೆ. ಚೀಲದ ಮೇಲೆ ಎರಡು ಹಳೇ ಸೀರೆ ಹಾಸಿದರೆ ಇನ್ನೂ ಒಳ್ಳೆಯದು, ಇಳಿಯುವ ಹನಿಯನ್ನೂ ಅದು ಹೀರುತ್ತದೆ.

ಎಚ್ಚರ ಎರಡು ಕಡೆ. ಒಲೆ, ಗ್ಯಾಸ್ ಇರುವ ಮೂಲೆಗೆ ಇದನ್ನು ತರಲೇಬೇಡಿ, ನಾಲ್ಕಡಿ ದೂರ ಬಿಡಿ, ಪ್ಲಾಸ್ಟಿಕ್ ಹೊತ್ತಿಕೊಂಡರೆ ಉರಿಯುವ ಹನಿ ಕೆಳಗೆ ಬೀಳುತ್ತದೆ. ಬಲ್ಬಿನ ಹೋಲ್ಡರ್, ವೈರು ಇರುವ ಕಡೆ ಮೊಳದಷ್ಟು ಜಾಗ ಕತ್ತರಿಸಿ ಬಿಡಿ. ಕೆಲವರು ಥರ್ಮಾಕೋಲ್ ಹಾಳೆ ಹಾಕುತ್ತಾರೆ, ಕಾವು ತಡೆಯೋದರಲ್ಲಿ ಅದು ಚೀಲಕ್ಕಿಂತ ಮೇಲು, ಆದರೆ ಬೆಂಕಿಗೆ ಅದು ಇನ್ನೂ ಕೆಟ್ಟದ್ದು, ಒಂದೇ ಕೋಣೆಯಲ್ಲಿ ಅಡುಗೆ ಮಾಡುವ ಮನೆಗೆ ನಾನಂತೂ ಬೇಡ ಅನ್ನುತ್ತೇನೆ. ಇಲಿ ಒಂದು ಕಾಟ ಇದ್ದೇ ಇರುತ್ತದೆ. ವಾರಕ್ಕೊಮ್ಮೆ ಕೋಲಿನಿಂದ ಮೇಲೆ ತಟ್ಟಿ ನೋಡಿ.

ಇದರಿಂದ ಎಷ್ಟು ಫರಕು ಬಿತ್ತು ಅಂತ ಅಳೆಯಲಿಕ್ಕೆ ನನ್ನ ಹತ್ತಿರ ಥರ್ಮಾಮೀಟರ್ ಇರಲಿಲ್ಲ, ಕೊಬ್ಬರಿ ಎಣ್ಣೆ ಇತ್ತು. ಅದು ಸುಮಾರು 24 ಡಿಗ್ರಿಗೆ ಗಟ್ಟಿಯಾಗಲಿಕ್ಕೆ ಶುರುವಾಗುತ್ತದೆ. ಮೊದಲು ರಾತ್ರಿ ಊಟದ ಹೊತ್ತಿಗೇ ಬಾಟಲಿ ಬೆಳ್ಳಗಾಗುತ್ತಿತ್ತು. ಚೀಲ ಕಟ್ಟಿದ ಮೇಲೆ ಮಲಗುವ ತನಕ ತಿಳಿಯಾಗಿಯೇ ಇರತೊಡಗಿತು. ನೀವೂ ಕಪಾಟಿನಲ್ಲಿ ಒಂದು, ಕಿಟಕಿ ಹತ್ತಿರ ಒಂದು ಸಣ್ಣ ಬಾಟಲಿ ಇಟ್ಟು ನೋಡಿ, ಯಾವ ಮೂಲೆ ಮೊದಲು ತಣ್ಣಗಾಗುತ್ತದೆ ಅಂತ ಪುಕ್ಕಟೆ ಗೊತ್ತಾಗುತ್ತದೆ.

ಆರ್‌ಸಿಸಿ ಮನೆಯವರಿಗೆ ಇಷ್ಟು ಕಷ್ಟ ಇಲ್ಲ. ಸ್ಲ್ಯಾಬ್ ಹಗಲಿನ ಕಾವನ್ನು ಅರ್ಧ ರಾತ್ರಿ ತನಕ ಇಟ್ಟುಕೊಳ್ಳುತ್ತದೆ. ಮಾಳಿಗೆ ಮನೆಯವರು ಗವಾಕ್ಷಿ, ಅಂದರೆ ಮಾಳಿಗೆಯಲ್ಲಿ ಬಿಟ್ಟಿರುವ ಕಿಂಡಿ, ಅದೊಂದನ್ನು ನೋಡಿಕೊಂಡರೆ ಸಾಕು, ಒಲೆ ಪೂರ್ತಿ ಆರಿದ ಮೇಲೆ ಆ ಕಿಂಡಿಗೆ ಹಲಗೆ ಎಳೆಯಬೇಕು, ಬೆಳಗ್ಗೆ ಒಲೆ ಹೊತ್ತಿಸುವ ಮುಂಚೆ ತೆಗೆಯಬೇಕು. ಅಷ್ಟೇ.

ಇನ್ನು ಬಾಗಿಲು. ಹಳೇ ಜೀನ್ಸ್ ಪ್ಯಾಂಟಿನ ಒಂದು ಕಾಲು ಕತ್ತರಿಸಿ, ಒಂದು ತುದಿ ಗಂಟು ಹಾಕಿ, ಭತ್ತದ ಹೊಟ್ಟು ತುಂಬಿ ಇನ್ನೊಂದು ತುದಿ ಕಟ್ಟಿ ಬಾಗಿಲ ಬುಡಕ್ಕೆ ಒತ್ತಿ ಇಡಿ. ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡೆ ರೈಸ್‌ಮಿಲ್ ಹತ್ತಿರ ಹೋದರೆ ಒಂದು ಚೀಲ ಹೊಟ್ಟಿಗೆ ಯಾರೂ ಲೆಕ್ಕ ಮಾಡಲ್ಲ. ಹೊಟ್ಟು ಹಗುರ, ಒಳಗೆಲ್ಲ ಗಾಳಿ, ಬಾಗಿಲ ಸಂದಿಗೆ ಸರಿಯಾಗಿ ಒತ್ತಿಕೊಳ್ಳುತ್ತದೆ. ಉಸುಕು ತುಂಬಬೇಡಿ, ರಾತ್ರಿ ಎದ್ದಾಗ ಎಡವಿ ಬೆರಳು ಮುರಿದುಕೊಳ್ಳುತ್ತೀರಿ. ಕಿಟಕಿಯ ಗಾಜು ಒಡೆದಿದ್ದರೆ ಅಳತೆಗೆ ರಟ್ಟು ಕತ್ತರಿಸಿ ಸಿಗಿಸಿ. ವೆಂಟಿಲೇಟರ್‌ಗೂ ಅದೇ, ಆದರೆ ಒಂದನ್ನು ಅಂಗೈಯಗಲ ಬಿಡಿ. ಪೂರ್ತಿ ಮುಚ್ಚಿದ ಕೋಣೆಯಲ್ಲಿ ನಾಲ್ಕು ಜನ ಮಲಗಿ, ಮೇಲೆ ಸೊಳ್ಳೆ ಬತ್ತಿ ಬೇರೆ ಹಚ್ಚಿದರೆ ಬೆಳಗ್ಗೆ ತಲೆ ಎತ್ತಲಿಕ್ಕೆ ಆಗಲ್ಲ.

ಹಗಲು ಮಾತ್ರ ಇದೆಲ್ಲ ತೆಗೆದಿಡಬೇಕು. ನಮ್ಮ ಊರಿನ ದೊಡ್ಡ ಆಸ್ತಿ ಅಂದರೆ ಬಿಸಿಲು, ಅದನ್ನು ಒಳಗೆ ಬಿಡದೆ ಇರೋದು ಮಹಾ ಪೆದ್ದತನ. ಡಿಸೆಂಬರಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿ ಮೇಲೆ ಬರಲ್ಲ, ದಕ್ಷಿಣಕ್ಕೆ ವಾಲಿ, 50 ಡಿಗ್ರಿಯಷ್ಟೇ ಮೇಲೇರುತ್ತಾನೆ. ಬೇಸಿಗೆಯಲ್ಲಿ ಬಿಸಿಲೇ ಬೀಳದ ದಕ್ಷಿಣದ ಕಿಟಕಿಯಿಂದ ಈಗ ಎರಡು ಮೂರಡಿ ಒಳಗೆ ಬಿಸಿಲು ಬರುತ್ತದೆ. ಹತ್ತು ಗಂಟೆ ಮೇಲೆ, ಹೊರಗಿನ ಗಾಳಿ ಬೆಚ್ಚಗಾದಾಗ, ಆ ಕಡೆಯದೆಲ್ಲ ತೆರೆಯಿರಿ. ಬಿಸಿಲು ಬೀಳುವ ಜಾಗದಲ್ಲಿ ಜಮಖಾನ ಇದ್ದರೆ ಸುತ್ತಿಡಿ, ಬಂಡೆಯೇ ಕಾಯಲಿ. ಸಂಜೆ ಆರರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ನೀವು ಐದಕ್ಕೇ ಮುಚ್ಚಬೇಕು. ಕೆಲಸದಿಂದ ಬಂದು ಏಳಕ್ಕೆ ಮುಚ್ಚುತ್ತೇನೆ ಅಂದರೆ ಅಷ್ಟರಲ್ಲಿ ದುಡಿದದ್ದೆಲ್ಲ ಹೋಗಿರುತ್ತದೆ. ಐದಕ್ಕೆ ಮನೆಯಲ್ಲಿ ಯಾರೂ ಇರಲ್ಲ ಅಂದರೆ ಶಾಲೆಯಿಂದ ಬರುವ ಹುಡುಗರಿಗೆ ಇದೊಂದು ಕೆಲಸ ಹಚ್ಚಿ.

ನೀರಿನ ಕ್ಯಾನ್ ಉಪಾಯ ನನಗೆ ಬಹಳ ಇಷ್ಟ, ಯಾಕಂದರೆ ಇದಕ್ಕೆ ಒಂದು ಪೈಸೆ ಖರ್ಚಿಲ್ಲ. 20 ಲೀಟರಿನ ಎರಡು ಕ್ಯಾನಿಗೆ ಹೊರಗಿನಿಂದ ಕಪ್ಪು ಬಟ್ಟೆ ಸುತ್ತಿ ಇಲ್ಲವೇ ಕಪ್ಪು ಬಣ್ಣ ಬಳಿದು, ನೀರು ತುಂಬಿ ಬೆಳಗ್ಗೆ ಒಂಬತ್ತಕ್ಕೆ ಮಾಳಿಗೆ ಮೇಲೆ ಬಿಸಿಲಿಗೆ, ಗಾಳಿ ತಾಕದ ಗೋಡೆ ಮಗ್ಗುಲಿಗೆ ಇಡಿ. ನಾಲ್ಕಕ್ಕೆ ಮುಟ್ಟಿದರೆ ಮೀಯುವ ನೀರಿನಷ್ಟು ಬೆಚ್ಚಗಿರುತ್ತದೆ. ಒಳಗೆ ತಂದು ಹಾಸಿಗೆ ಪಕ್ಕ ಇಟ್ಟುಬಿಡಿ. 20 ಲೀಟರ್ ನೀರು 38ರಿಂದ 23 ಡಿಗ್ರಿಗೆ ಇಳಿಯುವ ಹೊತ್ತಿಗೆ ಕೋಣೆಗೆ ಬಿಡುವ ಕಾವು ಒಂದು ಯೂನಿಟ್ ಕರೆಂಟಿನ ಮೂರನೇ ಒಂದು ಭಾಗಕ್ಕೆ ಸಮ. ಎರಡು ಕ್ಯಾನ್ ಅಂದರೆ ಮುಕ್ಕಾಲು ಯೂನಿಟ್ ಹತ್ತಿರ, ಅದೂ ರಾತ್ರಿಯೆಲ್ಲ ಸಣ್ಣಗೆ. ಬೆಳಗ್ಗೆ ಅದೇ ನೀರು ಪಾತ್ರೆ ತೊಳೆಯಲಿಕ್ಕೆ, ಟ್ಯಾಂಕಿನ ನೀರಿನಷ್ಟು ಕೈ ಕೊರೆಯಲ್ಲ. ಮೊಣಕಾಲು ನೋವಿನವರು ದೊಡ್ಡ ಕ್ಯಾನ್ ಎತ್ತಲಿಕ್ಕೆ ಹೋಗಬೇಡಿ, ಐದೈದು ಲೀಟರಿನವು ಎಂಟು ಇಡಿ. ಒಂದು ಮಾತು, ಹೊಲಕ್ಕೆ ಹೊಡೆಯುವ ಎಣ್ಣೆಯ, ಅಂದರೆ ಕೀಟನಾಶಕದ, ಖಾಲಿ ಡಬ್ಬಿ ಎಷ್ಟು ತೊಳೆದರೂ ಈ ಕೆಲಸಕ್ಕೆ ತರಬೇಡಿ. ನಮ್ಮ ಕಡೆ ಅವು ಮೂಲೆ ಮೂಲೆಯಲ್ಲಿ ಬಿದ್ದಿರುತ್ತವೆ, ಗಟ್ಟಿ ಇವೆ ಅಂತ ಆಸೆಯಾಗುತ್ತದೆ. ಅದು ವಿಷ.

ಈಗ ಹಾಸಿಗೆ. ಚಳಿ ಅಂದ ಕೂಡಲೇ ಜನ ಮೇಲೆ ಹೊದೆಯೋದನ್ನು ಜಾಸ್ತಿ ಮಾಡುತ್ತಾರೆ, ಕೆಳಗೆ ಒಂದು ಚಾಪೆ. ಕಳ್ಳ ಇರೋದು ಕೆಳಗೆ. ಬಂಡೆ ಮೈಯ ಕಾವನ್ನು ರಾತ್ರಿಯೆಲ್ಲ ಎಳೆಯುತ್ತಲೇ ಇರುತ್ತದೆ, ಅದೂ ನಮ್ಮ ಭಾರಕ್ಕೆ ಹಾಸಿಗೆ ಅಪ್ಪಚ್ಚಿಯಾಗಿ ಗಾಳಿಯೇ ಉಳಿದಿರಲ್ಲ. ಹಾಗಾಗಿ ಮನೆಯಲ್ಲಿ ಮೂರು ದಪ್ಪನೆಯ ಬಟ್ಟೆ ಇದ್ದರೆ ಎರಡು ಕೆಳಗೆ, ಒಂದು ಮೇಲೆ. ಹೊರಸು ಇದ್ದವರು ಅದರ ಮೇಲೆ ಮಲಗಿದರೆ ಬಂಡೆಯಿಂದ ತಪ್ಪಿಸಿಕೊಳ್ಳಬಹುದು, ಆದರೆ ಹಗ್ಗದ ಸಂದಿಯಿಂದ ಕೆಳಗಿನ ಗಾಳಿ ಬೆನ್ನಿಗೆ ಹೊಡೆಯುತ್ತದೆ. ಹೊರಸಿನ ಮೇಲೂ ಮೊದಲು ಗೋಣಿ ತಟ್ಟು, ಆಮೇಲೆ ಗಾದಿ.

ಕೆಳಗೆ ಹಾಸಲಿಕ್ಕೆ ನಾನು ಜೀನ್ಸ್ ತುಂಡುಗಳ ಕೌದಿ ಮಾಡಿಸಿದ್ದೇನೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರಿಗೆ ಬರವೇ? ಕತ್ತರಿಸಿ ಉಳಿದ ತುಂಡುಗಳು ಕಿಲೋ ಲೆಕ್ಕದಲ್ಲಿ ಸಿಗುತ್ತವೆ, ಪರಿಚಯದವರಿದ್ದರೆ ಸುಮ್ನೆ ಕೊಡುತ್ತಾರೆ. ಅವನ್ನು ಮೇಲೆ ಕೆಳಗೆ ಇಟ್ಟು, ನಡುವೆ ನಾಲ್ಕು ಹಳೇ ಸೀರೆ ಮಡಚಿ ಹಾಕಿ, ಅವ್ವನಿಗೆ ಕೊಟ್ಟೆ. "ಇದ್ರಾಗ ಸೂಜಿ ಇಳಿಯಂಗಿಲ್ಲೋ, ಎತ್ತಿನ ಚರ್ಮ ಆಗೇತಿ" ಅಂತ ಬೈಯುತ್ತಲೇ ಹದಿನೈದು ದಿನದಲ್ಲಿ ಮುಗಿಸಿದಳು. ಅವಳು ಹೇಳಿದ್ದೂ ಸರಿಯೇ, ಜೀನ್ಸ್ ಕೌದಿ ಹೊದೆಯಲಿಕ್ಕೆ ಬರಲ್ಲ, ಭಾರಕ್ಕೆ ಉಸಿರು ಕಟ್ಟುತ್ತದೆ. ಹಾಸಲಿಕ್ಕೆ ಮಾತ್ರ ಅದರಂಥದ್ದು ಇನ್ನೊಂದಿಲ್ಲ. ಹೊದೆಯಲಿಕ್ಕೆ ಬರೀ ಸೀರೆಯ ಕೌದಿಯೇ ಬೇಕು, ಅದೂ ಹಳೇ ಕಾಟನ್ ಸೀರೆ. ಕೈ ಹೊಲಿಗೆಯ ಸಾಲುಗಳ ನಡುವೆ ಸಣ್ಣ ಸಣ್ಣ ಗಾಳಿಯ ಗೂಡು ಉಳಿಯುತ್ತದೆ, ಅದೇ ಅದರ ಗುಟ್ಟು. ಮಷಿನ್ನಿನಲ್ಲಿ ಒತ್ತೊತ್ತಾಗಿ ಹೊಲಿಸಿದರೆ ನೋಡಲು ಚೆಂದ, ಕಾವು ಕಮ್ಮಿ.

ಗಾದಿ ಗಂಟುಗಟ್ಟಿದ್ದರೆ ಹೊಸದು ಕೊಳ್ಳಬೇಡಿ. ಹತ್ತಿ ಹಿಂಜಿಸಿ ಮತ್ತೆ ತುಂಬಿಸಿ. ಅದಕ್ಕೂ ದುಡ್ಡಿಲ್ಲದಿದ್ದರೆ ಮೂರು ದಿನ ಮಧ್ಯಾಹ್ನದ ಬಿಸಿಲಿಗೆ ಹಾಕಿ ಕೋಲಿನಿಂದ ಬಡಿಯಿರಿ, ಎಷ್ಟೋ ಮೇಲೇಳುತ್ತದೆ.

ದುಡ್ಡು ಕೊಟ್ಟು ಒಂದೇ ವಸ್ತು ಕೊಳ್ಳುವುದಾದರೆ ಕುರಿ ಉಣ್ಣೆಯ ಕರಿ ಕಂಬಳಿ ಕೊಳ್ಳಿ. ಅಂಗಡಿಯ ಮೆತ್ತನೆ ಹೂವಿನ ಬ್ಲಾಂಕೆಟ್ ಅಲ್ಲ, ಸಂತೆ, ಜಾತ್ರೆಗಳಲ್ಲಿ ಮಾರಲಿಕ್ಕೆ ಬರುವ ಒರಟು ಕಂಬಳಿ. ನೇಯುವಾಗ ಹುಣಸೆ ಬೀಜದ ಗಂಜಿ ಹಾಕಿರುವುದರಿಂದ ಹೊಸದರಲ್ಲಿ ತಗಡಿನ ಹಾಗೆ ಬಿರುಸಾಗಿರುತ್ತದೆ, ಚುಚ್ಚುತ್ತದೆ. ಅದನ್ನು ಮೈಗೆ ತಾಗಿಸಿ ಹೊದ್ದು, ಕೆರೆತ ಅಂತ ಮೂಲೆಗೆ ಎಸೆದವರನ್ನು ನೋಡಿದ್ದೇನೆ. ಮೊದಲು ಕೌದಿ, ಅದರ ಮೇಲೆ ಕಂಬಳಿ. ಮೇಲಿನ ಗಾಳಿ ಒಳಗೆ ಬರದ ಹಾಗೆ ಅದು ತಡೆಯುತ್ತದೆ, ಸ್ವಲ್ಪ ಹಸಿಯಾದರೂ ಉಣ್ಣೆ ಕಾವು ಬಿಡಲ್ಲ. ಮೇಲಿಂದ ಮೇಲೆ ಒಗೆಯಬೇಡಿ, ಬಿಸಿಲಿಗೆ ಹಾಕಿ ಕೊಡವಿದರೆ ಸಾಕು. ಕೊಡವುವುದು ಮಾತ್ರ ದಿನಾ ಇರಲಿ. ನಮ್ಮದು ಕಲ್ಲುಗುಡ್ಡದ ಸೀಮೆ, ಬೆಚ್ಚನೆ ಜಾಗ ಹುಡುಕುವುದರಲ್ಲಿ ಚೇಳು ನಮಗಿಂತ ಜಾಣ.

ಎಲ್ಲರೂ ಒಂದೇ ಕೋಣೆಯಲ್ಲಿ ಮಲಗಿ. ಸುಮ್ನೆ ಕೂತ ಮನುಷ್ಯನ ಮೈಯಿಂದಲೇ 100 ವ್ಯಾಟಿನ ಹತ್ತಿರ ಕಾವು ಹೊರಡುತ್ತದೆ, ನಿದ್ದೆಯಲ್ಲಿ ಸ್ವಲ್ಪ ಕಮ್ಮಿ. ನಾಲ್ಕು ಜನ ಅಂದರೆ ಸಣ್ಣ ಹೀಟರೇ ಆಯಿತಲ್ಲ, ಜೆಸ್ಕಾಂಗೆ ಗೊತ್ತಾಗದ್ದು. ಸೊಳ್ಳೆ ಪರದೆ ಕಟ್ಟಿ ಅದರ ನೆತ್ತಿ ಮೇಲೆ ಮಾತ್ರ ಒಂದು ಸೀರೆ ಹಾಸಿದರೆ ಒಳಗೆ ಗುಡಿಸಲಿನ ಹಾಗೆ ಬೆಚ್ಚಗಾಗುತ್ತದೆ. ಕಾಲುವೆ ಕಡೆಯ ಊರಿನವರ ಹತ್ತಿರ ಪರದೆ ಹೇಗೂ ಇರುತ್ತದೆ. ಕಾಲು ತಣ್ಣಗಿದ್ದರೆ ನಿದ್ದೆ ಬರಲ್ಲ, ಅದಕ್ಕೆ ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿ, ಮುಚ್ಚಳ ಬಿಗಿ ಮಾಡಿ, ಸಾಕ್ಸಿನೊಳಗೆ ತೂರಿಸಿ ಕಾಲ ಬುಡದಲ್ಲಿ ಇಟ್ಟುಕೊಳ್ಳಿ. ಸಕ್ಕರೆ ಕಾಯಿಲೆ ಇರುವ ಹಿರಿಯರ ಕಾಲಿಗೆ ಬಿಸಿ ಗೊತ್ತಾಗದೆ ಸುಟ್ಟುಹೋಗುವುದುಂಟು, ಅವರು ಮಲಗುವ ಮುಂಚೆ ಹಾಸಿಗೆ ಬೆಚ್ಚಗೆ ಮಾಡಿ ಬಾಟಲಿ ತೆಗೆದುಬಿಡಿ.

ಇನ್ನು ಕೆಂಡ. ಇದನ್ನು ನಾನೇ ಮಾಡಿ ಕೆಟ್ಟಿದ್ದೇನೆ. ಮೊದಲ ವರ್ಷ ಊರಿಂದ ತಂದ ಹತ್ತಿ ಕಟ್ಟಿಗೆ ಉರಿಸಿ, ಹೊಗೆಯೆಲ್ಲ ಹೋದ ಮೇಲೆ ಕೆಂಡವನ್ನು ಕಬ್ಬಿಣದ ಬುಟ್ಟಿಯಲ್ಲಿ ಹಾಕಿ ಒಳಗಿಟ್ಟುಕೊಂಡು ಬಾಗಿಲು ಹಾಕಿದೆ. ಹೊಗೆ ಇಲ್ಲವಲ್ಲ ಅಂತ ಧೈರ್ಯ. ಸುಖವಾಗಿ ನಿದ್ದೆ ಬಂತು, ನಡುರಾತ್ರಿ ತಲೆ ಸಿಡಿಯುತ್ತಾ ವಾಂತಿ ಬಂದ ಹಾಗಾಗಿ ಎದ್ದೆ. ಗೋಡೆ ಹಿಡಿದು ಹೇಗೋ ಬಾಗಿಲು ತೆಗೆದು ಹೊರಗೆ ಕೂತೆ. ಎಚ್ಚರ ಆಗದೆ ಇದ್ದಿದ್ದರೆ ಇದನ್ನು ಬರೆಯಲಿಕ್ಕೆ ನಾನಿರುತ್ತಿರಲಿಲ್ಲ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಕಣ್ಣು ಉರಿಯಲ್ಲ. ರಕ್ತದಲ್ಲಿ ಆಮ್ಲಜನಕ ಕೂರುವ ಜಾಗದಲ್ಲಿ ಅದು ಕೂತುಬಿಡುತ್ತದೆ. ತಲೆನೋವು, ಹೊಟ್ಟೆ ತೊಳೆಸುವುದು, ಮಂಪರು, ಇವು ಒಂದೇ ಸಲಕ್ಕೆ ಮನೆಯ ಇಬ್ಬರಿಗೆ ಬಂದರೆ ಊಟದ ದೋಷ ಅಂತ ಕೂರಬೇಡಿ, ಎಲ್ಲರೂ ಹೊರಗೆ ಬಂದು 108ಕ್ಕೆ ಫೋನ್ ಮಾಡಿ. ಈಗ ನಾನು ಕೆಂಡ ಕಾಯಿಸಿಕೊಳ್ಳುವುದಿದ್ದರೆ ಅಂಗಳದಲ್ಲಿ, ನಾಲ್ಕು ಮಂದಿ ಮಾತಾಡುತ್ತಾ. ಬಚ್ಚಲಲ್ಲಿ ಗ್ಯಾಸ್ ಗೀಜರ್ ಇಟ್ಟವರಿಗೂ ಇದೇ ಅಪಾಯ, ಅದನ್ನು ಬಚ್ಚಲ ಹೊರಗೆ ಗೋಡೆಗೆ ಹಾಕಿಸಬೇಕು.

ಬಾಣಂತಿ ಮನೆಯಲ್ಲಿ ಇದನ್ನು ಹೇಳೋದು ಕಷ್ಟ ಅಂತ ಗೊತ್ತು, ಹೊರಸಿನ ಕೆಳಗೆ ಕೆಂಡ ಇಡುವುದು ಅಜ್ಜಿಯರ ಕಾಲದಿಂದ ಬಂದದ್ದು. ಆದರೆ ಅಜ್ಜಿಯರ ಮನೆಗೆ ಗವಾಕ್ಷಿ ಇತ್ತು, ನಮ್ಮ ಕೋಣೆಗೆ ಏನಿದೆ? ಶಾಖ ಕೊಡಲೇಬೇಕು ಅಂದರೆ ಬಾಗಿಲು ತೆರೆದಿಟ್ಟು, ಎಚ್ಚರ ಇರುವವರು ಪಕ್ಕದಲ್ಲಿದ್ದು, ಮಲಗುವ ಮುಂಚೆ ಕೆಂಡ ಹೊರಗೆ ಹಾಕಿ. ಕೂಸಿಗೆ ಕುಲಾಯಿ, ಕಾಲುಚೀಲ ಹಾಕಿ ಎಚ್ಚರ ಇರುವಾಗ ತಾಯಿಯ ಎದೆಗೆ ಮೈಗೆ ಮೈ ತಾಗಿಸಿ ಇಟ್ಟುಕೊಂಡು ಮೇಲೆ ಕೌದಿ ಹೊದ್ದರೆ, ಕೆಂಡಕ್ಕಿಂತ ಅದೇ ಮೇಲು. ಮುಖ ಮಾತ್ರ ಮುಚ್ಚಬೇಡಿ.

ಅಡುಗೆ ಸಂಜೆ ಬೇಗ ಮುಗಿಸುವ ಬದಲು ಎಂಟರ ಸುಮಾರಿಗೆ ಮಾಡಿ, ಒಲೆಯ ಕಾವು ಮಲಗುವ ಹೊತ್ತಿಗೆ ಒದಗುತ್ತದೆ, ಆಗ ಕಿಟಕಿ ಮಾತ್ರ ಸ್ವಲ್ಪ ತೆರೆದಿರಲಿ. ಎಳ್ಳು ಹಚ್ಚಿದ ಬಿಸಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ತಿಂದು ಮಲಗಿದವನಿಗೆ ಚಳಿ ಹೆದರುತ್ತದೆ. ಎಳ್ಳಮವಾಸ್ಯೆಗೆ ಇದೆಲ್ಲ ಇಟ್ಟವರು ಸುಮ್ನೆ ಇಟ್ಟಿಲ್ಲ.

ನನಗೆ ಮೊದಲ ಸಲ ಖರ್ಚಾದದ್ದು ತಂತಿ, ದಾರ, ದಬ್ಬಣಕ್ಕೆ ಅಷ್ಟೇ. ಕಂಬಳಿಯನ್ನು ಮರುವರ್ಷ, ಕೈಗೆ ದುಡ್ಡು ಬಂದಾಗ ಕೊಂಡೆ. ನೀವೂ ಅದೇ ಸಾಲಿನಲ್ಲಿ ಹೋಗಿ: ಈ ವಾರ ಬಾಗಿಲು, ಕಿಟಕಿ. ಬರುವ ಭಾನುವಾರ ಚೀಲ. ಕೌದಿ ದೀಪಾವಳಿಗೇ ಶುರು ಮಾಡಿದ್ದರೆ ಒಳ್ಳೆಯದಿತ್ತು, ಈಗಲೂ ತಡ ಆಗಿಲ್ಲ.

ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಗುತ್ತದೆ ಅನ್ನುತ್ತಾರೆ, ನಮ್ಮ ಕಡೆ ಅದಕ್ಕೂ ಮೊದಲೇ ಗಂಟು ಕಟ್ಟಿರುತ್ತದೆ. ಆಗ ರಟ್ಟು, ಹೊಟ್ಟಿನ ಕಾಲು ಎಲ್ಲ ತೆಗೆದುಬಿಡಿ. ಕಂಬಳಿಯನ್ನು ಒಣ ಬೇವಿನ ಎಲೆ ಹಾಕಿ ಸುತ್ತಿ ಮೇಲಿಡಿ. ಚೀಲದ ಪರದೆಯನ್ನು ಮಾತ್ರ ಇಳಿಸಬೇಡಿ, ಚಳಿ ತಡೆದ ಅದೇ ಒಂದು ಗೇಣು ಗಾಳಿ ಮೇ ತಿಂಗಳಲ್ಲಿ ತಗಡಿನ ಝಳವನ್ನೂ ತಡೆಯುತ್ತದೆ. ನೀರಿನ ಕ್ಯಾನ್‌ಗಳನ್ನು ನೆರಳಿಗೆ ತಂದಿಡಿ, ಆ ಹೊತ್ತಿಗೆ ನಲ್ಲಿ ತಿರುವಿದರೆ ಬಿಸಿನೀರೇ ಬರುತ್ತಿರುತ್ತದೆ.